ಎಂಟು ಚುಕ್ಕಿಗಳ ಪ್ರಕರಣ

ಸರಕಾರಕ್ಕೆ ಸೇರಿದ ವಸ್ತು ಯಾವುದೇ ಇರಲಿ, ಹೋದ ವರ್ಷ ಹೇಗಿತ್ತೋ ಈ ವರ್ಷವೂ ಹಾಗೆಯೇ ಇರತಕ್ಕದ್ದು. ಧಾರವಾಡದ ನಮ್ಮ ಉದ್ಯಾನ ಕಚೇರಿಯಲ್ಲಿ ಈ ತತ್ವವನ್ನು ಯಾರೂ ಯಾವತ್ತೂ ಪ್ರಶ್ನಿಸಿದ್ದಿಲ್ಲ. ೧೯೩೬ರ ಜನವರಿಯಲ್ಲಿ ಒಂದು ಗಿಡ ಪ್ರಶ್ನಿಸಿತು.

ನಾನು ಆ ಕಚೇರಿಯ ಆವಕ-ಜಾವಕ ಗುಮಾಸ್ತ. ಬಂದ ಕಾಗದ, ಹೋಗುವ ಕಾಗದ ಬರೆದಿಡುವುದು ನನ್ನ ಕೆಲಸ. ಅವುಗಳೊಳಗೆ ಏನಿದೆ ಎಂದು ಯೋಚಿಸುವುದಕ್ಕೆ ನನಗೆ ಪಗಾರವಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳಬಲ್ಲೆ.

ಗಿಡ ನಮ್ಮ ಇಲಾಖೆಯ ದೊಡ್ಡ ಸಾಹೇಬರು ಕಲಕತ್ತೆಯಿಂದ ತರಿಸಿದ್ದು. ಎರಡು ಜಾತಿಯ ಆರ್ಕಿಡ್ ಕೂಡಿಸಿ ಹುಟ್ಟಿಸಿದ ಮಿಶ್ರತಳಿ. ಹೂವಿನ ಕೆಳಗಿನ ಎಸಳು ಚಪ್ಪಲಿಯ ಮೂತಿಯಂತೆ ಉಬ್ಬಿಕೊಂಡಿರುವುದರಿಂದ ಮಾಲಿಗಳು ಅದನ್ನು ಚಪ್ಪಲಿ ಹೂ ಎನ್ನುತ್ತಿದ್ದರು. ಸಾಹೇಬರ ಹೂವಿಗೆ ಚಪ್ಪಲಿ ಎಂದು ಬರೆಯುವುದು ಹೇಗೆ? ಕಚೇರಿಯಲ್ಲಿ ನಾವು ಪಾದುಕಾಪುಷ್ಪ ಎಂದು ಬರೆದೆವು. ಗಿಡಗಳಿಗೆಂದು ಬೇರೆ ರಜಿಸ್ಟರು ಮಂಜೂರಾಗಿರಲಿಲ್ಲ. ಹಾಗಾಗಿ ಕುರ್ಚಿ, ಮೇಜು, ಕಂದೀಲುಗಳನ್ನು ಬರೆಯುವ ಡೆಡ್‌ಸ್ಟಾಕ್ ರಜಿಸ್ಟರಿನಲ್ಲೇ, ಕಂದೀಲಿನ ಕೆಳಗೆ, ಅದನ್ನೂ ಸೇರಿಸಲಾಯಿತು. ೧೯೩೫ರ ಹೂವು ನೋಡಿ ಹೆಡ್ ಕ್ಲಾರ್ಕ್ ಯಂಕಣ್ಣನವರು ಸ್ವಹಸ್ತದಿಂದ ಬರೆದರು: "ಪಾದುಕಾಪುಷ್ಪ, ಸಂಖ್ಯೆ ಒಂದು. ಪಾದುಕೆ ಜೇನುತುಪ್ಪದ ಬಣ್ಣ. ಮೇಲಿನ ಎಸಳು ಬಿಳಿ, ಅದರಲ್ಲಿ ಕಂದು ಚುಕ್ಕಿ ಇಪ್ಪತ್ತೊಂದು. ಸುಸ್ಥಿತಿಯಲ್ಲಿದೆ."

ಮರುವರ್ಷದ ತಪಾಸಣೆಯಲ್ಲಿ ಕುರ್ಚಿಗಳು ತಾಳೆಯಾದವು, ಕಂದೀಲು ತಾಳೆಯಾಯಿತು. ಹೂವಿನ ಚುಕ್ಕಿ ಮಾತ್ರ ಹದಿಮೂರು ಇದ್ದವು. ಪಾದುಕೆ ಬೆಲ್ಲದಷ್ಟು ಕೆಂಪಾಗಿತ್ತು. ಯಂಕಣ್ಣನವರು ಕನ್ನಡಕ ಒರೆಸಿಕೊಂಡು ಮೂರು ಸಲ ಎಣಿಸಿ, ಮಾಲಿ ಮೈಲಾರಲಿಂಗಪ್ಪನನ್ನು ಕರೆಸಿದರು.

ಅಮ್ಮಿನಬಾವಿಯ ಮೈಲಾರಲಿಂಗಪ್ಪ ಇಪ್ಪತ್ನಾಲ್ಕು ವರ್ಷಗಳಿಂದ ಆ ತೋಟದ ಮಾಲಿ. ಗಾಜಿನ ಮನೆಯ ಹಿಂದೆ ಸರಕಾರ ಕೊಟ್ಟ ಎರಡು ಕೋಣೆಗಳಲ್ಲಿ ಹೆಂಡತಿ ಗುಡ್ಡವ್ವನೊಂದಿಗೆ ಇದ್ದ. ನೌಕರಿ ಹೋದರೆ ಆ ಮನೆಯೂ ಹೋಗುತ್ತಿತ್ತು.

"ಎಂಟು ಚುಕ್ಕಿ ಎಲ್ಲಿ ಹೋದವು?" ಎಂದು ಯಂಕಣ್ಣನವರು ಕೇಳಿದರು.

"ಹೋಗಿಲ್ರಿ ರಾಯರ, ಈ ಸಲ ಬಂದಿಲ್ರಿ."

"ಹೋದ ವರ್ಷ ನಾಕು ಕಾಲಿದ್ದ ಕುರ್ಚಿಗೆ ಈ ವರ್ಷ ಮೂರ ಅವ ಅಂದ್ರ, ಈ ಸಲ ಬಂದಿಲ್ಲಂತ ಬರಕೋಬೇಕೇನು?"

"ಕುರ್ಚಿಗೆ ಥಂಡಿ ಹತ್ತೂದಿಲ್ರಿ. ಇದು ಕೂಡಿಸಿದ ಜಾತಿ. ಥಂಡಿ ಹೆಚ್ಚಾದ್ರ ಒಂದು ನಮೂನಿ, ಬಿಸಲು ಹೆಚ್ಚಾದ್ರ ಒಂದು ನಮೂನಿ. ಗಿಡ ಅದ ಐತ್ರಿ, ಹೂವಷ್ಟ ಬ್ಯಾರೆ."

ಇಂಥ ಉತ್ತರಕ್ಕೆ ರಜಿಸ್ಟರಿನಲ್ಲಿ ಕಾಲಮು ಇರಲಿಲ್ಲ. ಸುಪರಿಂಟೆಂಡೆಂಟ್ ಮಹಾಂತಯ್ಯನವರು ನಿಯಮ ಹನ್ನೊಂದನ್ನು ತೆರೆದರು: "ಸರಕಾರಿ ಗಿಡವು ಮಂಜೂರಾದ ವರ್ಣನೆಯನ್ನು ಮೀರಿ ಅರಳತಕ್ಕದ್ದಲ್ಲ." ಅನ್ಯಾಯವಾಗಬಾರದೆಂದು ಮೊದಲು ಗಿಡಕ್ಕೇ ನೋಟೀಸು ಕೊಡಲಾಯಿತು. ಅದನ್ನು ಕುಂಡಕ್ಕೆ ನಾನೇ ಅಂಟಿಸಿ ಬಂದೆ. ಏಳು ದಿನ ಗಿಡ ಸುಮ್ಮನಿತ್ತು. ಅದರ ಮೌನವನ್ನು ಉದ್ಧಟತನವೆಂದು ದಾಖಲಿಸಿ, ಅಸಲು ಗಿಡವನ್ನು ಮಾಲಿ ಸಾಗಿಸಿ ಈ ನಕಲನ್ನು ಇಟ್ಟಿದ್ದಾನೆಂಬ ಆರೋಪದ ಮೇಲೆ ವಿಚಾರಣೆ ಶುರುವಾಯಿತು.

ಮೈಲಾರಲಿಂಗಪ್ಪ ಕೈ ಮುಗಿದು ನಿಂತ. ಪಾಪ, ಅವನಿಗೆ ಒಂದು ಒಳ್ಳೆಯ ವಾದ ಹೊಳೆದಿತ್ತು. ಕಚೇರಿಯಲ್ಲಿ ಒಳ್ಳೆಯ ವಾದ ಹೂಡುವಂಥ ಹುಚ್ಚುತನ ಮತ್ತೊಂದಿಲ್ಲ.

"ಸಾಹೇಬ್ರ, ನನ್ನ ನೋಡ್ರಿ. ನೌಕರಿಗೆ ಬಂದಾಗ ತಲಿ ತುಂಬ ಗುಂಗುರು ಕೂದಲಿದ್ದವು. ಬಾಯಿ ತುಂಬ ಹಲ್ಲಿದ್ದವು. ಈಗೇನದಾವ? ಹಂಗಂತ ನಾ ಮೈಲಾರಲಿಂಗಪ್ಪ ಅಲ್ಲೇನ್ರಿ?"

ಯಂಕಣ್ಣನವರು ಮೆಲ್ಲಗೆ ಎದ್ದು ಅವನ ಸರ್ವಿಸ್ ಬುಕ್ಕು ತಂದರು. ೧೯೧೨ರ ವರ್ಣನೆಯಲ್ಲಿ ವಯಸ್ಸು ಇಪ್ಪತ್ತೆರಡು, ಗುಂಗುರು ಕೂದಲು, ಎತ್ತರ ಐದು ಫೂಟು ಆರು ಇಂಚು ಎಂದಿತ್ತು. ಅವನನ್ನು ಗೋಡೆಗೆ ನಿಲ್ಲಿಸಿ ಅಳೆದರು. ಒಂದೂವರೆ ಇಂಚು ಕಡಿಮೆ.

"ಹೆಬ್ಬೆಟ್ಟಿನ ಗುರುತು ನೋಡ್ರಿ ರಾಯರ!" ಎಂದು ಅವನು ಅಂಗಲಾಚಿದ. ನಾನು ನೋಡಿದೆ. ತಾಳೆಯಾಯಿತು.

"ಹೆಬ್ಬೆಟ್ಟು ಜೇಲಿನ ಕೈದಿಗಳಿಗೆ. ನಮ್ಮಲ್ಲಿ ವರ್ಣನಾನ ನಡೀತದ," ಎಂದು ಯಂಕಣ್ಣನವರು ಬುಕ್ಕು ಮುಚ್ಚಿದರು.

ಕೊನೆಯ ಸಾಕ್ಷಿಯಾಗಿ ಗುಡ್ಡವ್ವನನ್ನು ಕರೆಸಲಾಯಿತು.

"ಇಂವ ನಿನ್ನ ಗಂಡ ಏನವಾ?" ಎಂದು ಮಹಾಂತಯ್ಯನವರು ಕೇಳಿದರು.

"ಹೌದ್ರಿ. ಮತ್ಯಾರ್ರಿ?"

"ಲಗ್ನದಾಗ ಹಿಂಗ ಇದ್ದನೇನು?"

ಗುಡ್ಡವ್ವ ಸುಳ್ಳಾಡುವ ಹೆಂಗಸಲ್ಲ. ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಇಲ್ರಿ. ಹಿಂಗಿದ್ರ ನಮ್ಮಪ್ಪ ಎಲ್ಲಿ ಕೊಡ್ತಿದ್ದ?" ಎಂದಳು. "ಇಲ್ರಿ" ಎನ್ನುವವರೆಗೆ ಬರೆದುಕೊಂಡರು.

ಮಹಾಂತಯ್ಯನವರ ತೀರ್ಪನ್ನು ಇಡೀ ಇಲಾಖೆ ಕೊಂಡಾಡಿತು. ಗಿಡ ಅದಲ್ಲ, ಮಾಲಿಯೂ ಅವನಲ್ಲ. ಆದ್ದರಿಂದ ಅಸಲು ಮಾಲಿ ಅಸಲು ಗಿಡದೊಂದಿಗೆ ಪರಾರಿಯಾಗಿರುವುದು ಸ್ವಯಂಸಿದ್ಧ. ಒಂದೇ ವಿಚಾರಣೆಯಲ್ಲಿ ಎರಡು ಪತ್ತೆ! ಗರಗದಿಂದ ಹುಬ್ಬಳ್ಳಿಯ ಕಮರಿಪೇಟೆಯವರೆಗೂ ಪ್ರಕಟಣೆ ಹೊರಟಿತು: "ಇಪ್ಪತ್ತೆರಡು ವಯಸ್ಸಿನ ಗುಂಗುರು ಕೂದಲಿನ ತರುಣನೊಬ್ಬ ಇಪ್ಪತ್ತೊಂದು ಚುಕ್ಕಿಯ ಹೂವಿನೊಡನೆ ಕಂಡುಬಂದಲ್ಲಿ ತಿಳಿಸತಕ್ಕದ್ದು." ಕಮರಿಪೇಟೆಯಲ್ಲಿ ಮೂವರು ಗುಂಗುರು ಕೂದಲಿನವರನ್ನು ಹಿಡಿದರು. ಹೂವು ಸಿಗಲಿಲ್ಲವೆಂದು ಬಿಟ್ಟರು.

ಉಳಿದ ಗಿಡ ಮತ್ತು ಮನುಷ್ಯ ವಾರಸುದಾರರಿಲ್ಲದ ಮಾಲಾದರು. ಅಂಥ ಮಾಲನ್ನು ಹೊಸದಾಗಿ ಬರೆದುಕೊಳ್ಳಲು ನಿಯಮವಿದೆ. ಹದಿಮೂರು ಚುಕ್ಕಿಯ ಹೂವು ಎಂದು ಗಿಡವನ್ನು ಬರೆದೆವು. ಬೋಳುತಲೆ, ಹಲ್ಲು ಹತ್ತೊಂಬತ್ತು ಎಂದು ಅವನನ್ನು ಬರೆದೆವು. ಮೈಲಾರಲಿಂಗಪ್ಪ ಎಂಬ ಹೆಸರು, ಇಪ್ಪತ್ನಾಲ್ಕು ವರ್ಷದ ಸೇವೆ, ಎರಡೂ ಪರಾರಿಯಾದವನ ಪಾಲಾದ್ದರಿಂದ ಯಂಕಣ್ಣನವರು ಇವನಿಗೆ ಗಿರಿಯಪ್ಪ ಎಂದು ಹೆಸರಿಟ್ಟು ಹಂಗಾಮಿ ಮಾಲಿಯಾಗಿ ನೇಮಿಸಿದರು. ಎರಡು ಕೋಣೆಗಳಲ್ಲಿ ಒಂದು ಅವನದಾಯಿತು. ಕಳ್ಳ ಗಂಡ ಮನೆಗೆ ಬಂದರೆ ಹಿಡಿದುಕೊಡಲೆಂದು ಇನ್ನೊಂದರಲ್ಲಿ ಗುಡ್ಡವ್ವನಿಗೆ ಇರಲು ಅಪ್ಪಣೆಯಾಯಿತು. ಆಕೆ ಪ್ರತಿ ಸೋಮವಾರ ಕಚೇರಿಗೆ ಬಂದು "ಇನ್ನೂ ಬಂದಿಲ್ರಿ" ಎಂದು ವರದಿ ಕೊಟ್ಟು ಹೋಗುತ್ತಿದ್ದಳು.

ಮೊದಲ ದಿನಗಳಲ್ಲಿ ಅವನು ಕುಂಡದ ಮುಂದೆ ಕೂತು ಕಣ್ಣೀರು ಹಾಕುತ್ತಿದ್ದ. ನೋಡಿ ನನಗೂ ಹೋಗಿ ಅವನ ಪಕ್ಕ ಕೂರಬೇಕೆನಿಸುತ್ತಿತ್ತು. ಆದರೆ ಆ ತಿಂಗಳು ಜಾವಕ ಬಹಳವಿತ್ತು.

೧೯೩೭ರ ಜನವರಿಯಲ್ಲಿ ಹೂವು ಬಿಟ್ಟಾಗ ಚುಕ್ಕಿ ಹದಿನೇಳಿದ್ದವು. ಗಿರಿಯಪ್ಪನ ಇನ್ನೊಂದು ಹಲ್ಲು ಬಿದ್ದಿತ್ತು. ಈ ಸಲ ಯಾರೂ ಗಾಬರಿಯಾಗಲಿಲ್ಲ. ಅವನು ತಾನಾಗಿಯೇ ಗೋಡೆಗೆ ಬೆನ್ನು ಹಚ್ಚಿ ನಿಂತು ಬಾಯಿ ತೆರೆದ. ಅರ್ಧ ದಿನದಲ್ಲಿ ಗಿರಿಯಪ್ಪನೂ ಪರಾರಿಯಾದ, ಪ್ರಕಟಣೆಯೂ ಹೊರಟಿತು.

ಹೊಸ ನೇಮಕದ ಹುಕುಮು ಹಿಡಿದು ನಾನು ಗಾಜಿನ ಮನೆಯ ಹಿಂದೆ ಹೋದೆ. ಮಧ್ಯಾಹ್ನವಾಗಿತ್ತು. ಅವನು ಕುಂಡಗಳಿಗೆ ನೀರು ಹಾಕುತ್ತಿದ್ದ. ಗುಡ್ಡವ್ವ ಬಾಗಿಲಿಗೆ ಬಂದು ಸೆರಗಿಗೆ ಕೈ ಒರೆಸಿಕೊಂಡಳು.

"ರಾಯರ, ಈ ವರ್ಸ ಏನಂತ ಕರೀಬೇಕ್ರಿ?"

ನಾನು ಕಾಗದ ನೋಡಿ, "ದುರಗಪ್ಪ," ಎಂದೆ.

ಮದುವೆಯಾದಂದಿನಿಂದ ಗಂಡನ ಹೆಸರನ್ನು ಬಾಯಲ್ಲಿ ತಂದವಳಲ್ಲ ಆಕೆ. ತೋಟದ ಕಡೆ ತಿರುಗಿ ಗಟ್ಟಿಯಾಗಿ ಕೂಗಿದಳು:

"ದುರಗಪ್ಪಾ, ರೊಟ್ಟಿ ಆಗ್ಯಾವ, ಉಣ್ಣಾಕ ಬಾ!"

ಅವನು ನೀರಿನ ಕೊಡ ಕೆಳಗಿಟ್ಟ.

"ಬಂದ್ನಿ, ಯಕ್ಕಾ," ಎಂದು ಕೈ ತೊಳೆದುಕೊಂಡು ಒಳಗೆ ಹೋದ.