ಸಂಶಯಕ್ಕೂ ಒಂದು ಕೋಡ್ ಉಂಟು

ಬಲ್ಮಠದ ಹತ್ತಿರ ಒಂದು ಆಸ್ಪತ್ರೆಯಲ್ಲಿ ನನಗೆ ಕೋಡಿಂಗ್ ಕೆಲಸ. ಸಾಫ್ಟ್‌ವೇರ್ ಅಲ್ಲ ಮಾರಾಯ್ರೆ. ಡಾಕ್ಟರು ಬರೆದ ಕಾಯಿಲೆಗೆ ತಕ್ಕ ನಂಬರು ಹುಡುಕಿ ಕಂಪ್ಯೂಟರಿಗೆ ಹಾಕುವುದು. ನನ್ನ ಪಾಲಿಗೆ ಬಂದದ್ದು ಮಾನಸಿಕ ವಿಭಾಗ. ಅಲ್ಲಿ ರೋಗಿಗಳಿಗಿಂತ ಉಳಿದವರದ್ದೇ ಸಂಶಯ ಜಾಸ್ತಿ. ಹಾಗಾಗಿ ಇಂಥವು ಆಗುತ್ತಲೇ ಇರುತ್ತವೆ.

೧. ಖಚಿತ

ಸೇರಿದ ಹೊಸತರಲ್ಲಿ ಒಂದು ಫೈಲು ಬಂತು. ಅದಕ್ಕೆ ಹಾಕಬೇಕಾದ ಕೋಡ್ ಎಫ್ ಇಪ್ಪತ್ತೊಂಬತ್ತು. ಭ್ರಮೆ ಹುಟ್ಟಿಸುವ ಸೈಕೋಸಿಸ್ ಹೌದು, ಆದರೆ ಯಾವ ಬಗೆಯದೆಂದು ಇನ್ನೂ ಖಚಿತವಿಲ್ಲ ಎಂದರ್ಥ. ನಮ್ಮ ಸೂಪರ್‌ವೈಸರಿಗೆ ಈ ಕೋಡ್ ಕಂಡರಾಗದು. ಡಾಕ್ಟರನ್ನೇ ಕೇಳಿಕೊಂಡು ಬಾ ಎಂದರು.

ಡಾಕ್ಟರು ಹಿರಿಯರು, ಮಾತು ಕಡಿಮೆ. ನಾನು ಆಡಿಟ್‌ಗೆ ಬಂದವಳೋ ಎಂದು ಮೊದಲು ನನ್ನ ಐಡಿ ಕಾರ್ಡನ್ನು ಪೂರ್ತಿ ಓದಿದರು. ಸ್ವಲ್ಪ ಖಚಿತವಾಗಿ ಬರೆದುಕೊಡಬಹುದಾ ಎಂದು ಕೇಳಿದೆ.

"ಗೊತ್ತಿಲ್ಲ ಅಂತ ಖಚಿತವಾಗಿಯೇ ಬರೆದಿದ್ದೇನಲ್ಲ" ಎಂದರು.

೨. ಸಾರು

ಒಂದು ಭಾನುವಾರ ಕುದ್ರೋಳಿಯ ನಮ್ಮ ಮನೆಯಲ್ಲಿ ಸಾರು ತಿರುವುತ್ತಿದ್ದೆ. ಆಫೀಸಿನಿಂದ ಫೋನ್ ಬಂತು, ಇಂಥ ಫೈಲಿಗೆ ಎಂತ ಹಾಕುವುದೆಂದು. ಫೋನನ್ನು ಹೆಗಲಿಗೆ ಒತ್ತಿಕೊಂಡು, "ಸದ್ಯಕ್ಕೆ ಇಪ್ಪತ್ತೊಂಬತ್ತು ಹಾಕಿದರೆ ಸಾಕು, ಯಾರೂ ಕೇಳುವುದಿಲ್ಲ" ಎಂದೆ. ಅತ್ತೆ ಬಾಗಿಲಲ್ಲೇ ನಿಂತಿದ್ದರಂತೆ.

ಊಟಕ್ಕೆ ಕೂತಾಗ ಅವರು ಸಾರು ಮುಟ್ಟಲಿಲ್ಲ. ಉಪ್ಪು ಹೆಚ್ಚಾಯಿತಾ ಎಂದು ಕೇಳಿದೆ. ಬಟ್ಟಲನ್ನು ಮೆಲ್ಲ ನನ್ನ ಕಡೆಗೆ ಸರಿಸಿ ಹೇಳಿದರು: "ಇಪ್ಪತ್ತೊಂಬತ್ತು ಹಾಕಿದ್ದು ಎಂತ ಅಂತ ಹೇಳು, ಮತ್ತೆ ಉಪ್ಪಿನ ವಿಷಯ ನೋಡುವ."

೩. ಶರ್ಟು

ಉಳ್ಳಾಲದ ಕಡೆಯ ಹಿರಿಯರೊಬ್ಬರು, ಹೋಟೆಲನ್ನು ಮಗನಿಗೆ ವಹಿಸಿ ಮನೆಯಲ್ಲಿದ್ದವರು. ತಮ್ಮ ಶರ್ಟುಗಳನ್ನು ಯಾರೋ ಹಾಕಿಕೊಂಡು ತಿರುಗಾಡಿ, ಮತ್ತೆ ಕಪಾಟಿನಲ್ಲಿ ತಂದಿಡುತ್ತಾರೆ ಎನ್ನುತ್ತಿದ್ದರು. ಕಾಲರಿನಲ್ಲಿ ಬೇರೆಯವರ ಸೆಂಟಿನ ವಾಸನೆ ಉಂಟಂತೆ. ಮನೆಯವರ ಮೂಗಿಗೆ ಬಡಿದದ್ದು ಇಸ್ತ್ರಿಯ ವಾಸನೆ ಮಾತ್ರ. ಶರ್ಟು ಒಂದೂ ಕಳೆದಿರಲಿಲ್ಲ. ಅವರು ಶರ್ಟುಗಳನ್ನು ಅಕ್ಕಿ ಡಬ್ಬದಲ್ಲಿ ಅಡಗಿಸಿದರು. ಊಟಕ್ಕೆ ಬಂದ ಅಳಿಯನ ಕುತ್ತಿಗೆ ಮೂಸಿ ನೋಡಿದ ದಿನ ಹೆಂಡತಿ ಅಳುತ್ತಾ ಆಸ್ಪತ್ರೆಗೆ ಕರೆತಂದರು. ಕೆಲವು ದಿನ ವಾರ್ಡಿನಲ್ಲಿಟ್ಟು ನೋಡಿ, ಮಾತ್ರೆ ಕೊಟ್ಟು ಕಳಿಸಿದರು. ನಾನು ಎಫ್ ಇಪ್ಪತ್ತೊಂಬತ್ತು ಹಾಕಿದೆ. ಮನೆಗೆ ಹೋದ ಮೇಲೆ ಅವರು ಯಾರೊಡನೆಯೂ ಮಾತಾಡುತ್ತಿರಲಿಲ್ಲವಂತೆ. ನಲವತ್ತು ವರ್ಷ ಜೊತೆಗಿದ್ದವಳೂ ನಂಬಲಿಲ್ಲ ಎಂಬ ಸಂಕಟ.

ಸ್ವಲ್ಪ ಸಮಯದ ಮೇಲೆ ಆ ಅಮ್ಮ ಒಂದು ಮದುವೆಗೆ ಹೋದರು. ಪಾಯಸ ಬಡಿಸಿಕೊಳ್ಳುತ್ತಿದ್ದವನ ಬೆನ್ನು ಎಲ್ಲೋ ನೋಡಿದ ಹಾಗಿತ್ತು. ಅವನು ತಿರುಗಿದಾಗ ಎದೆಯ ಮೇಲೆ ಕೆಂಪು ನೂಲಿನಲ್ಲಿ ಹೊಲಿದ ಗುಂಡಿ. ಬಿಳಿ ನೂಲು ಮುಗಿದದ್ದಕ್ಕೆ ಗಂಡನ ಶರ್ಟಿಗೆ ಅಮ್ಮನೇ ಹೊಲಿದದ್ದು. ಶರ್ಟಿನ ಒಳಗಿದ್ದವನು ಬೀದಿಯ ಕೊನೆಯ ಇಸ್ತ್ರಿ ಅಂಗಡಿಯವನು. ಘಮಘಮ ಸೆಂಟು ಬೇರೆ. ಮದುವೆ ಮುಂಜಿಗೆಲ್ಲ ಗಿರಾಕಿಗಳ ಶರ್ಟು ಹಾಕಿ ಹೋಗಿ, ಒಗೆಯದೆ ಇಸ್ತ್ರಿ ಹೊಡೆದು ಕೊಡುತ್ತಿದ್ದನಂತೆ. ಅಮ್ಮ ಊಟ ಬಿಟ್ಟು ಮನೆಗೆ ಓಡಿದರು, ಮರುದಿನವೇ ಗಂಡನನ್ನು ಕರೆದುಕೊಂಡು ಆಸ್ಪತ್ರೆಗೆ ಬಂದರು.

ಡಾಕ್ಟರು ಮತ್ತೊಮ್ಮೆ ಕೂತು ಮಾತಾಡಿಸಿದರು, ಮಾತ್ರೆ ನಿಲ್ಲಿಸಿದರು, ಕಾಯಿಲೆ ಇಲ್ಲವೆಂದು ಬರೆದರು. ಸಂಶಯಪಟ್ಟು ಪರೀಕ್ಷಿಸಿದೆವು, ಏನೂ ಸಿಗಲಿಲ್ಲ ಎನ್ನುವುದಕ್ಕೂ ನಮ್ಮಲ್ಲಿ ಒಂದು ಕೋಡ್ ಉಂಟು. ನಾನು ಅದನ್ನು ಹಾಕಿದೆ.

ಹಿರಿಯರು ನಂಬಲಿಲ್ಲ. ಹೆಂಡತಿಯನ್ನು ಕರೆದುಕೊಂಡು ನನ್ನ ಮೇಜಿಗೇ ಬಂದು, ತೋರಿಸಮ್ಮ ಎಂದರು. ತೋರಿಸಿದೆ. ಕನ್ನಡಕ ಏರಿಸಿ ಓದಿದರು. ಸಂಶಯ ಎಂಬ ಶಬ್ದದಲ್ಲಿ ಬೆರಳು ನಿಂತಿತು.

"ಈ ಸಂಶಯ ಯಾರದ್ದು? ನನ್ನದಾ?"

ಅಲ್ಲ, ನಿಮಗೆ ಕಾಯಿಲೆ ಇರಬಹುದೆಂದು ಮನೆಯವರಿಗೆ ಬಂದದ್ದು ಎಂದು ಸಮಾಧಾನದಲ್ಲಿ ಹೇಳಿದೆ.

ಅವರು ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ ಹೆಂಡತಿಯನ್ನು ನೋಡಿದರು. ಎಷ್ಟೋ ದಿನಗಳ ಮೇಲೆ ಮುಖದಲ್ಲಿ ನಗು ಬಂತು.

"ಹಾಗಾದರೆ ಈ ಕೋಡನ್ನು ಇವಳ ಹೆಸರಿಗೆ ಹಾಕಿ."