ಸೀರೆಯ ಬಣ್ಣ ಹೇಳಿದ ತಪ್ಪಿಗೆ

‘ಗೊತ್ತಿಲ್ಲ’ ಎಂಬ ಮಾತು ನನ್ನ ಬಾಯಿಂದ ಸಲೀಸಾಗಿ ಬರುವುದಿಲ್ಲ. ಇದು ನನ್ನೊಬ್ಬನ ರೋಗವಲ್ಲ, ಒಂದೇ ಕೆಲಸವನ್ನು ಮೂವತ್ತು ವರ್ಷ ಮಾಡಿದವರಿಗೆಲ್ಲ ಹತ್ತುವಂಥದ್ದು ಎಂದು ಸಮಾಧಾನ ಮಾಡಿಕೊಂಡಿದ್ದೇನೆ. ನಮ್ಮ ಓಣಿಯ ಮೆಕ್ಯಾನಿಕ್ ಗಾಡಿಯನ್ನು ದೂರದಿಂದ ನೋಡಿಯೇ "ಕಾರ್ಬೊರೇಟರ್ ಕೆಟ್ಟೈತ್ರಿ" ಎಂದುಬಿಡುತ್ತಾನೆ. ಬಿಚ್ಚಿ ನೋಡಿದರೆ ಪೆಟ್ರೋಲೇ ಇರುವುದಿಲ್ಲ. ನಾನು ಮದುವೆಯ ಫೋಟೋಗ್ರಾಫರ್. ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಹುಬ್ಬಳ್ಳಿ-ಧಾರವಾಡದ ಬಹಳಷ್ಟು ಜನ ನನ್ನನ್ನು ಬಲ್ಲರು, ಆದರೆ ಬೆನ್ನಿನ ಕಡೆಯಿಂದ. ವಧೂವರರ ತಲೆಯ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಅವರಿಗೂ ಬಂದ ಜನರಿಗೂ ನಡುವೆ ಅಡ್ಡವಾಗಿ ನಿಂತಿರುವ ಆ ಅಗಲವಾದ ಬೆನ್ನು ನನ್ನದು. "ಏ ಫೋಟೋದವ್ರ, ಸ್ವಲ್ಪ ಸರೀರಿ" ಎಂದು ಕೂಗಿಸಿಕೊಂಡು ಕೂಗಿಸಿಕೊಂಡು, ಈಗ ಯಾರಾದರೂ ನನ್ನ ನಿಜವಾದ ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದು ಸ್ವಲ್ಪ ತಡವಾಗುತ್ತದೆ.

ಹೋದ ವರ್ಷ ಸ್ನೇಹಾ ಎಂಬ ಹುಡುಗಿ ತನ್ನ ಮದುವೆಯ ಫೋಟೋದ ಮಾತಾಡಲು ಸ್ಟುಡಿಯೋಕ್ಕೆ ಬಂದಳು. ಕಾಲೇಜಿನಲ್ಲಿ ಇತಿಹಾಸ ಕಲಿಸುವ ಹುಡುಗಿ. ವರ ಅಮರಗೋಳದ ಹತ್ತಿ ವ್ಯಾಪಾರಸ್ಥರ ಮಗ, ಹೆಸರು ಪ್ರಶಾಂತ. ಕುಳಿತವಳೇ, "ಸರ್, ನಮಗ ಪೂರಾ ವಿಂಟೇಜ್ ಬೇಕ್ರಿ" ಅಂದಳು. "ಅದಕ್ಕೇನಂತ, ಮಾಡೋಣಲ್ಲ" ಅಂದೆ. ಆಕೆ ಹೋದ ಮೇಲೆ ಫೋನಿನಲ್ಲಿ ಆ ಪದದ ಅರ್ಥ ಹುಡುಕಿದೆ. ‘ಹಳೆಯ ಕಾಲದ್ದು’ ಎಂದಿತ್ತು, ಕೆಳಗೆ ಚಿತ್ರಗಳು. ಒಂದರಲ್ಲೂ ಬೆಳಕು ನೆಟ್ಟಗಿಲ್ಲ, ಅಂಚುಗಳು ಮಸುಕು, ಮೈತುಂಬ ಗೀರು, ಮುಖದ ಮೇಲೆ ರವೆ ಚೆಲ್ಲಿದಂಥ ಚುಕ್ಕೆ. ಇಂಥದೇ ಫೋಟೋ ತೆಗೆದದ್ದಕ್ಕೆ ನನಗೆ ಕೆಲಸ ಕಲಿಸಿದ ಗುರುಗಳು ಎರಡು ಸಲ ತಲೆಗೆ ಮೊಟಕಿದ್ದರು. ಆಗ ಅದಕ್ಕೆ ದಡ್ಡತನ ಎನ್ನುತ್ತಿದ್ದರು. ಅದನ್ನು ಬಿಡಲು ನನಗೆ ಹತ್ತು ವರ್ಷ ಬೇಕಾಯಿತು. ಈಗ ಮತ್ತೆ ಅದನ್ನು ಕಲಿಯಬೇಕಾಗಿತ್ತು.

ಎರಡನೆಯ ಸಲ ಬಂದಾಗ ಸ್ನೇಹಾ ಒಂದು ಹಳೆಯ ಫೋಟೋ ತಂದಿದ್ದಳು. ಅದು ಅವಳ ಆಯಿಯದು, ಎಂದರೆ ತಾಯಿಯ ತಾಯಿಯದು. ಮದುವೆಯಾದ ವಾರದಲ್ಲೇ ಧಾರವಾಡದ ಯಾವುದೋ ಸ್ಟುಡಿಯೋದಲ್ಲಿ ತೆಗೆಸಿದ್ದಂತೆ. ಕೋಟು ತೊಟ್ಟು ತಲೆಗೆ ಪಟಗಾ ಸುತ್ತಿದ ಗಂಡ ಕುರ್ಚಿಯ ಮೇಲೆ ಕುಳಿತಿದ್ದಾನೆ. ಹದಿನೇಳರ ಹುಡುಗಿ ಇಳಕಲ್ ಸೀರೆಯುಟ್ಟು ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತಿದ್ದಾಳೆ. ಇಬ್ಬರ ಮುಖದಲ್ಲೂ ನಗು ಎಂಬುದಿಲ್ಲ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿವೆ, ಆಯಿ ಗಂಗವ್ವ ಗಟ್ಟಿಮುಟ್ಟಾಗಿದ್ದಾಳೆ. ತನ್ನ ಮದುವೆಯ ದಿನ ಆಯಿಯ ಎದುರು ಥೇಟು ಹೀಗೆಯೇ ಹೋಗಿ ನಿಲ್ಲಬೇಕೆಂಬುದು ಸ್ನೇಹಾಳ ಆಸೆ. ಆಯಿಗೆ ಸುಳಿವು ಕೊಡಬಾರದು. ನೋಡಿದ ಕೂಡಲೇ ಅವಳು ಬೆರಗಾಗಬೇಕು.

"ಸರ್, ಸೀರಿ ನೇಯಾಕ ಕೊಡಬೇಕಾಗೇತಿ. ಇದು ಯಾವ ಬಣ್ಣದ್ದಿರಬಹುದು ಹೇಳ್ರಿ?"

ಇಲ್ಲಿ ನಾನು ಗೊತ್ತಿಲ್ಲ ಅನ್ನಬಹುದಿತ್ತು. ಬದಲಿಗೆ ಡ್ರಾಯರಿನಿಂದ ಭೂತಗನ್ನಡಿ ತೆಗೆದೆ. ಫೋಟೋವನ್ನು ಬೆಳಕಿಗೆ ಹಿಡಿದೆ, ಓರೆಯಾಗಿ ಹಿಡಿದೆ, ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದೆ. ಕೊನೆಗೆ, "ಕಪ್ಪು" ಅಂದೆ.

"ಲಗ್ನಕ್ಕ ಕಪ್ಪು ಉಡತಿದ್ರೇನ್ರಿ?"

"ಆಗಿನ ಕಾಲದಾಗ ಉಡತಿದ್ರವಾ. ಆಮ್ಯಾಲ ಬಿಟ್ರು."

ಹೀಗೆ, ಇತಿಹಾಸ ಕಲಿಸುವವಳಿಗೆ ನಾನು ಇತಿಹಾಸ ಕಲಿಸಿದೆ. ಆಕೆ ಅದನ್ನು ಸಣ್ಣ ಪುಸ್ತಕವೊಂದರಲ್ಲಿ ಬರೆದುಕೊಂಡಳು ಕೂಡ.

ಮದುವೆ ಹುಬ್ಬಳ್ಳಿಯ ವಿದ್ಯಾನಗರದ ಒಂದು ಕಲ್ಯಾಣ ಮಂಟಪದಲ್ಲಿತ್ತು. ಪ್ಲಾಸ್ಟಿಕ್ಕಿನದು ಒಂದೂ ಇರಲಿಲ್ಲ; ಬಾಳೆಕಂಬ, ಚೆಂಡುಹೂ, ಬಾಗಿಲಲ್ಲಿ ಹಿತ್ತಾಳೆಯ ಹಂಡೆ. ವರ ಬರಲೆಂದು ಹಳೆಯ ಅಂಬಾಸಿಡರ್ ಕಾರೊಂದನ್ನು ಗೊತ್ತು ಮಾಡಿದ್ದರು. ಅದು ತನ್ನ ವಯಸ್ಸಿಗೆ ತಕ್ಕಂತೆ ಮಂಟಪದಿಂದ ಒಂದು ಫರ್ಲಾಂಗು ದೂರದಲ್ಲೇ ನಿಂತುಬಿಟ್ಟಿತು. ಬೀಗರೆಲ್ಲ ಜರಿ ಶಲ್ಯ ಸೊಂಟಕ್ಕೆ ಕಟ್ಟಿ ನೂಕಿದರು. ಒಳಗೆ ಪ್ರಶಾಂತ ಪಟಗಾ ಸುತ್ತಿ ರಾಜನಂತೆ ಕುಳಿತಿದ್ದ. ಅವನ ತೊಂದರೆ ಎಂದರೆ ನಗು. ಹಳೆಯ ಕಾಲದ ಗಾಂಭೀರ್ಯ ಬೇಕೆಂದು ಸ್ನೇಹಾ ತಾಕೀತು ಮಾಡಿದ್ದಳು. "ನಗಬ್ಯಾಡ್ರಿ" ಎಂದು ನಾನು ಅಂದಾಗಲೆಲ್ಲ ಅವನು, "ಇಲ್ರಿ ಸರ್, ನಗಾಕತ್ತಿಲ್ರಿ" ಎಂದು ಬಾಯಗಲಿಸಿ ನಗುತ್ತಿದ್ದ. ಮೂವತ್ತು ವರ್ಷ ಜನರಿಗೆ ‘ಸ್ವಲ್ಪ ನಗ್ರಿ’ ಎಂದು ಹೇಳಿದವನಿಗೆ ‘ನಗಬ್ಯಾಡ್ರಿ’ ಎಂದು ಹೇಳುವುದೂ ಅಭ್ಯಾಸವಿರಲಿಲ್ಲ.

ಅಕ್ಕಿಕಾಳಿಗೆ ಇನ್ನು ಮುಕ್ಕಾಲು ಗಂಟೆ ಇತ್ತು. ಗಂಗವ್ವನನ್ನು ವಧುವಿನ ಕೋಣೆಯ ಹೊರಗೆ ಕುರ್ಚಿ ಹಾಕಿ ಕೂರಿಸಿದ್ದರು. ಅವಳ ಮುಖದಲ್ಲಿ ಮೂಡುವ ಬೆರಗನ್ನು ಹಿಡಿಯಲು ನಾನು ಎದುರಿಗೆ ಮೊಣಕಾಲೂರಿ ಕುಳಿತೆ. ಬಾಗಿಲು ತೆರೆಯಿತು. ಸ್ನೇಹಾ ಬಂದಳು. ಕರೀ ಇಳಕಲ್ ಸೀರೆ, ಮೂಗಿಗೆ ನತ್ತು, ತಲೆತುಂಬ ಮಲ್ಲಿಗೆ. ಚೆಂದವಾಗಿ ಕಾಣುತ್ತಿದ್ದಳು, ಅದರಲ್ಲಿ ಎರಡು ಮಾತಿಲ್ಲ. ಗಂಗವ್ವನ ಮುಖದಲ್ಲಿ ಬೆರಗೂ ಮೂಡಿತು. ಆದರೆ ಅದು ನಾವು ಅಂದುಕೊಂಡ ಜಾತಿಯದಾಗಿರಲಿಲ್ಲ.

"ಇದೇನವಾ ಇದು! ಲಗ್ನದ ದಿನ ಕಾಗಿ ಬಣ್ಣ ಉಟಗೊಂಡ ಬಂದಿ?"

"ಆಯಿ, ನಿನ್ನ ಲಗ್ನದ ಸೀರಿ ಹಂಗ ನೇಯಿಸೇನಿ. ಫೋಟೋದಾಗ ಐತೆಲ್ಲ, ಅದು."

"ನಂದೆಲ್ಲಿ ಕರೀದಿತ್ತು? ಕೆಂಪಿತ್ತವಾ! ಬ್ಯಾಡಗಿ ಮೆಣಸಿನಕಾಯಿ ಹಂಗ ಕೆಂಪಗ! ಅದನ್ನ ಪಾತ್ರೆಯವಂಗ ಕೊಟ್ಟು ಸ್ಟೀಲಿನ ಡಬ್ಬಿ ತೊಗೊಂಡೆ, ಇವತ್ತಿಗೂ ಅದರಾಗ ಅವಲಕ್ಕಿ ಇಡತೇನಿ. ಕರೀದಂತ ನಿನಗ ಯಾರು ಹೇಳಿದ್ರು?"

ಸೀರೆ ಕೆಂಪು ಎಂದು ಕೇಳಿದ ಕ್ಷಣವೇ ನನಗೆ ಎಲ್ಲ ಹೊಳೆಯಿತು. ಹರೆಯದ ದಿನಗಳನ್ನೆಲ್ಲ ನಾನು ಡಾರ್ಕ್‌ರೂಮಿನಲ್ಲಿ ಕೆಂಪು ಬಲ್ಬಿನ ಕೆಳಗೆ ಕಳೆದವನು. ಅಲ್ಲಿ ಕೆಂಪು ಬಲ್ಬನ್ನೇ ಯಾಕೆ ಹಾಕುತ್ತಾರೆಂದರೆ ಫೋಟೋದ ಕಾಗದಕ್ಕೆ ಕೆಂಪು ಕಾಣುವುದಿಲ್ಲ. ಹಳೆಯ ಕಾಲದ ಎಷ್ಟೋ ಫಿಲ್ಮುಗಳಿಗೂ ಹಾಗೆಯೇ. ಅವಕ್ಕೆ ಕಾಣದ ಕೆಂಪು ಫೋಟೋದಲ್ಲಿ ಕಪ್ಪಾಗಿ ಬೀಳುತ್ತಿತ್ತು. ನಮ್ಮ ಕಸುಬಿನ ಮೊದಲನೆಯ ಪಾಠ ಅದು. ಭೂತಗನ್ನಡಿ ಹಿಡಿಯುವ ಸಂಭ್ರಮದಲ್ಲಿ ಅದನ್ನೇ ಮರೆತಿದ್ದೆ. ಈಗ ಏನೂ ತೋಚದೆ, ಮೊದಲೇ ಸ್ವಚ್ಛವಾಗಿದ್ದ ಲೆನ್ಸನ್ನು ಒರೆಸತೊಡಗಿದೆ.

ಅಷ್ಟರಲ್ಲಿ ಸ್ನೇಹಾ, "ಯಾರೂ ಹೇಳಿಲ್ಲ ಆಯಿ. ನಾನ ಹಂಗ ತಿಳಕೊಂಡೆ" ಅಂದಳು. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಆರು ತಿಂಗಳು ಓಡಾಡಿ ನೇಯಿಸಿದ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು, ಕಣ್ಣು ತುಂಬಿದ್ದವು. ಅವಳು ನನ್ನನ್ನು ಬೈದಿದ್ದರೆ ಏನಾದರೊಂದು ನೆವ ಹೇಳಿ ಪಾರಾಗುತ್ತಿದ್ದೆ. ಬೈಯದೆ ಬಿಟ್ಟದ್ದರಿಂದ ಪಾರಾಗುವ ದಾರಿಯೇ ಉಳಿಯಲಿಲ್ಲ.

"ನಾನ ಹೇಳಿದ್ದೆ ಆಯಿ" ಅಂದೆ. ಮೊಣಕಾಲೂರಿಯೇ ಇದ್ದೆನಾದ್ದರಿಂದ ತಪ್ಪೊಪ್ಪಿಗೆಗೆ ಬೇರೆ ಭಂಗಿ ಬೇಕಾಗಲಿಲ್ಲ.

ಗಂಗವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿನಗ ವಯಸ್ಸೆಷ್ಟು?"

"ಐವತ್ತಾರ್ರಿ."

"ಅಂದ್ರ ನನ್ನ ಲಗ್ನದಾಗ ನೀ ಹುಟ್ಟೇ ಇದ್ದಿಲ್ಲ. ಹುಟ್ಟಲಾರದಂವ ಸೀರಿ ಬಣ್ಣ ಹೆಂಗ ಹೇಳಿದಿ?"

"ಕರೀದುಟ್ಟು ಅಕ್ಕಿಕಾಳು ಬೀಳೂದ ಬ್ಯಾಡ" ಎಂದು ಗಂಗವ್ವ ಖಡಾಖಂಡಿತ ಹೇಳಿದಳು. ಆಗ ಬಾಗಿಲ ಬಳಿ ನಿಂತಿದ್ದ ಪ್ರಶಾಂತನ ತಾಯಿ ಮೆಲ್ಲಗೆ ಮುಂದೆ ಬಂದರು. ಪದ್ಧತಿಯಂತೆ ಸೊಸೆಗೆ ಉಡಿಸಲು ಅವರೂ ಒಂದು ಸೀರೆ ತಂದಿದ್ದರು. ಅದು ಹಳೆಯ ಕಾಲದ್ದರಂತೆ ಕಾಣುವುದಿಲ್ಲ ಎಂದು ಸ್ನೇಹಾ ಮೊದಲೇ ನಯವಾಗಿ ಬೇಡವೆಂದಿದ್ದಳು. ಅವರೂ ನಯವಾಗಿಯೇ ನುಂಗಿಕೊಂಡಿದ್ದರು. "ನಾ ತಂದಿದ್ದೊಂದು ಐತೆವಾ. ನಿನ್ನ ಮನಸ್ಸಿಗೆ ಬಂದ್ರ ಉಡು, ಒತ್ತಾಯ ಇಲ್ಲ" ಅಂದರು. ಗಿಳಿ ಹಸಿರಿನ ಸೀರೆ, ಕೆಂಪು ಅಂಚು. ಗಂಗವ್ವ ಅದನ್ನು ಮುಟ್ಟಿ ನೋಡಿ, "ಇದು ನೋಡು ಸೀರಿ ಅಂದ್ರ! ನನ್ನ ಲಗ್ನದಾಗ ಇಂಥಾದ್ದು ಕೇಳಿದ್ದೆ, ಕೊಡಿಸಿದ್ದಿಲ್ಲ" ಅಂದಳು. ಸ್ನೇಹಾ ಕಣ್ಣೊರೆಸಿಕೊಂಡು ಅತ್ತೆಯ ಕೈಯಿಂದ ಸೀರೆ ತೆಗೆದುಕೊಂಡಳು. "ನೀವ ಉಡಸರಿ" ಅಂದಳು. ಇಬ್ಬರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗೆ ಯಾರು ಯಾರಿಗೆ ಏನು ಹೇಳಿದರೋ, ಹೊರಗೆ ಬಂದಾಗ ಅತ್ತೆಯ ಕಣ್ಣೂ ಕೆಂಪಾಗಿದ್ದವು. ಈ ಸಲ ಬಣ್ಣದ ಬಗ್ಗೆ ನನಗೆ ಅನುಮಾನವಿರಲಿಲ್ಲ.

ಅಕ್ಕಿಕಾಳು ಹೊತ್ತಿಗೆ ಸರಿಯಾಗಿ ಬಿದ್ದವು. ನಾನು ಎಂದಿನಂತೆ ಜನರಿಗೆ ಅಡ್ಡವಾಗಿ ನಿಂತು ಫೋಟೋ ತೆಗೆದೆ, ಅವರು ಎಂದಿನಂತೆ ಬೈದರು. ಗೋದಿ ಹುಗ್ಗಿಯ ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಗಂಗವ್ವನಿಂದ ಕರೆ ಬಂತು. ಹೋಗಿ ನೋಡಿದರೆ ಸ್ನೇಹಾ ಮತ್ತೆ ಕರೀ ಸೀರೆಯಲ್ಲಿ ನಿಂತಿದ್ದಾಳೆ.

"ನನ್ನ ಸಲುವಾಗಿ ಇಷ್ಟು ಕಷ್ಟಪಟ್ಟು ಮಾಡಿಸ್ಯಾಳ, ಪಾಪ" ಅಂದಳು ಗಂಗವ್ವ. "ಅಕ್ಕಿಕಾಳು ಬಿದ್ದಾವು, ಇನ್ನ ಉಟ್ರ ಏನೂ ಆಗಂಗಿಲ್ಲ. ನಮ್ಮಿಬ್ಬರದು ಒಂದು ತಗಿ."

ಗಂಗವ್ವ ಕುರ್ಚಿಯ ಮೇಲೆ ಕುಳಿತಳು. ಸ್ನೇಹಾ ಕುರ್ಚಿಯ ಬೆನ್ನಿಗೆ ಕೈಯಿಟ್ಟು, ತುಟಿ ಬಿಗಿದು, ಫೋಟೋದ ಹುಡುಗಿಯಂತೆಯೇ ನಿಂತಳು. ಗಂಗವ್ವ ತಿರುಗಿ ನೋಡಿ, "ಮುಖ ಯಾಕ ಗಂಟ ಹಾಕಿ?" ಅಂದಳು.

"ನೀ ಹಂಗ ನಿಂತಿದ್ದೆಲ್ಲ ಆಯಿ."

"ಆ ಫೋಟೋದಂವ ಉಸರ ಹಿಡೀರಿ ಅಂದಿದ್ದ, ಬಿಡ್ರಿ ಅನ್ನೂದ ಮರೆತಿದ್ದ. ಅದಕ್ಕ ಹಂಗ ನಿಂತಿದ್ದೆ. ನೀ ನಗು."

ಇಬ್ಬರೂ ನಕ್ಕರು. ನಾನು ಕ್ಯಾಮೆರಾ ಎತ್ತುವಷ್ಟರಲ್ಲಿ ಗಂಗವ್ವ ಕೈ ಮಾಡಿ ತಡೆದಳು. "ಏ ತಮ್ಮಾ, ಬಣ್ಣದಾಗ ತಗಿ. ಕರೀದು ಕರೀದಂತ ಖರೇ ಗೊತ್ತಾಗ್ಲಿ. ಇಲ್ಲಂದ್ರ ಮುಂದ ಯಾವನರ ಫೋಟೋದಂವ ಬಂದು ಇದು ಕೆಂಪಿತ್ತು ಅಂತ ಹೇಳ್ಯಾನು."

ಬಣ್ಣದಲ್ಲೇ ತೆಗೆದೆ. ಆ ಮದುವೆಯ ಉಳಿದ ಫೋಟೋಗಳಿಗೆಲ್ಲ ನಾನು ಕಷ್ಟಪಟ್ಟು ಗೀರು, ಚುಕ್ಕೆ, ಮಸುಕು ಸೇರಿಸಿ ಕೊಟ್ಟೆ. ಆದರೆ ನೋಡಿದವರೆಲ್ಲ ಹೊಗಳುವುದು ಏನೂ ಸೇರಿಸದ ಆ ಒಂದನ್ನೇ ಅಂತೆ.

ಮದುವೆಯ ದಿನ ರಾತ್ರಿ ಮನೆಗೆ ಬಂದು ಹೆಂಡತಿ ಶಾರದೆಗೆ ನಡೆದದ್ದನ್ನೆಲ್ಲ ಹೇಳಿದ್ದೆ. ತಪ್ಪು ಮಾಡಿದ ಭಾಗವನ್ನು ಬೇಗ ಮುಗಿಸಿ, ಧೈರ್ಯವಾಗಿ ಒಪ್ಪಿಕೊಂಡ ಭಾಗವನ್ನು ತುಸು ವಿಸ್ತಾರವಾಗಿ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಎಲ್ಲ ಕೇಳಿದಳು. ಕೊನೆಗೆ, "ಅದೆಲ್ಲ ಇರಲಿ. ನಮ್ಮ ಲಗ್ನದಾಗ ನನ್ನ ಸೀರಿ ಯಾವ ಬಣ್ಣದ್ದಿತ್ತು ಹೇಳ್ರಿ" ಅಂದಳು.

ನಾನು ಸಹಜವಾಗಿ ನಮ್ಮ ಮದುವೆಯ ಫೋಟೋ ತೂಗಿದ್ದ ಪಡಸಾಲೆಯ ಗೋಡೆಯ ಕಡೆ ಹೊರಳಿದೆ.

"ಗ್ವಾಡಿ ಯಾಕ ನೋಡತೀರಿ? ಇಲ್ಲೆ ನಿಂತು ಹೇಳ್ರಿ."

ಮೂವತ್ತು ವರ್ಷಗಳಲ್ಲಿ ಮೊದಲ ಸಲ, "ಗೊತ್ತಿಲ್ಲ" ಅಂದೆ. ಸತ್ಯ ಹೇಳಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ಇರಬಹುದು. ಆ ದಿನ ನನ್ನ ತಟ್ಟೆಗೆ ಬಿದ್ದ ರೊಟ್ಟಿ ಮಾತ್ರ ಒಂದೇ.