ಬರ್ಚ್ ಸಕ್ಕರೆಯನ್ನು ಮೂಸಿಯೂ ನೋಡದ ಯೀಸ್ಟಿಗೆ

ಸ್ವೀಡನ್ನಿನ ಉತ್ತರ ತುದಿಯ ನಮ್ಮ ಎಥೆನಾಲ್ ಕಾರ್ಖಾನೆಯ ದೊಡ್ಡ ತೊಟ್ಟಿಯೊಳಗೆ ಬೆಚ್ಚಗೆ ಬಿಜಯಂಗೈದಿರುವ ಮಾನ್ಯ ಯೀಸ್ಟ್ ಮಹಾಶಯರೇ,

ತೊಟ್ಟಿ ಕಾಯುವ ಗುನ್ವೋರ್ ಎಡ್‌ಲುಂಡ್ ಮಾಡುವ ಸವಿನಯ ವಂದನೆಗಳು. ತಮ್ಮ ಗುಳುಗುಳು ಸದ್ದು ಕೇಳಿ ತಾವು ಕ್ಷೇಮವೆಂದು ತಿಳಿದು, ನನ್ನದೊಂದು ಸಂಕಟವನ್ನು ಊರೆದುರೇ ತೋಡಿಕೊಳ್ಳುತ್ತಿದ್ದೇನೆ.

ಇಷ್ಟು ದಿನ ತಮಗೆ ಸ್ಪ್ರೂಸ್ ಮರವನ್ನೇ ಬಡಿಸುತ್ತಿದ್ದೆವು. ಅದರ ನಾರನ್ನು ಲಿಗ್ನಿನ್ ಎಂಬ ಅಂಟು ಗಾರೆಯಂತೆ ಹಿಡಿದಿರುವುದರಿಂದ, ಆಮ್ಲ ಸುರಿದು, ಹಬೆಯಲ್ಲಿ ಬೇಯಿಸಿ ಸಕ್ಕರೆ ಬಿಡಿಸುವಷ್ಟರಲ್ಲಿ ನಮ್ಮ ಹೆಣ ಬೀಳುತ್ತಿತ್ತು. ತಾವು ಮಾತ್ರ ಸಿಕ್ಕಿದ್ದನ್ನೆಲ್ಲ ನೆಕ್ಕಿ ಎಥೆನಾಲ್ ದಯಪಾಲಿಸುತ್ತಿದ್ದಿರಿ. ಅಷ್ಟರಲ್ಲಿ, ಹಣ ಹೂಡಿದವರು ಪರೀಕ್ಷೆಗೆ ಬರುತ್ತಾರೆ, ಇಳುವರಿ ಸಾಲದಿದ್ದರೆ ಕಾರ್ಖಾನೆಗೆ ಬೀಗ ಎಂಬ ಸುದ್ದಿ ಬಂತು. ನಮ್ಮ ಮೇಸ್ತ್ರಿ ಟೂರೆ ಕಾಫಿ ಬಿಡುವಿನಲ್ಲಿ ಏಲಕ್ಕಿ ಬನ್ನು ಮುರಿಯುತ್ತ, "ಆ ಸ್ಪ್ರೂಸ್ ಸಹವಾಸ ಬಿಡ್ರೋ! ಒಲೆಗೆ ಬರ್ಚ್‌ನ ಮೀರ್ಸೋ ಕಟ್ಟಿಗೆ ಯಾವ್ದಿದೆ? ಬಂದೋರ್ಗೆ ಒಳ್ಳೇದನ್ನೇ ಇಕ್ಕೋಣ" ಎಂದ. ಒಲೆಯಲ್ಲಿ ಚೆನ್ನಾಗಿ ಉರಿಯುವುದು ತೊಟ್ಟಿಯಲ್ಲೂ ಚೆನ್ನಾಗಿಯೇ ನಡೆದೀತೆಂದು ನಾವೆಲ್ಲ ನಂಬಿ, ಚಳಿಗಾಲಕ್ಕೆಂದು ಒಡವೆಯಂತೆ ಕಾದಿಟ್ಟ ಬರ್ಚ್ ಸೌದೆಯನ್ನು ಮನೆಮನೆಯಿಂದ ತಂದು ಸುರಿದೆವು.

ಬರ್ಚಿನ ಲಿಗ್ನಿನ್ ಬೇಗನೆ ಸಡಿಲಿತು, ಸಕ್ಕರೆಯೂ ಧಾರಾಳವಾಗಿ ಬಂತು. ಆದರೆ ಅದರಲ್ಲಿ ದೊಡ್ಡ ಪಾಲು ಕ್ಸೈಲೋಸ್ ಎಂಬ ಬೇರೆ ಜಾತಿಯ ಸಕ್ಕರೆ. ಔತಣಕ್ಕೆ ಬಂದ ಹೊಸ ಅಳಿಯನಂತೆ ತಾವು ತಮಗೆ ರೂಢಿಯಾದ ಗ್ಲೂಕೋಸನ್ನಷ್ಟೇ ಆರಿಸಿ ಉಂಡು, ಕ್ಸೈಲೋಸನ್ನು ಹಾಗೆಯೇ ಉಳಿಸಿದಿರಿ. ಆಹಾ, ಎಂಥ ನಾಲಗೆ, ಎಂಥ ಸಂಯಮ! ಬಂದವರು ಅಳತೆ ನೋಡಿ ಮುಖ ಸಿಂಡರಿಸಿ, ಇನ್ನೊಂದೇ ಅವಕಾಶ ಎಂದು ಹೇಳಿ ಹೋದರು. "ಗುನ್ವೋರ್, ನಿನ್ ಯೀಸ್ಟ್‌ಗೆ ಅದೇನು ಕೊಬ್ಬು ಮಾರಾಯ್ತಿ!" ಎಂದು ಟೂರೆ ನನ್ನ ಮೇಲೇ ಹರಿಹಾಯ್ದ. ನನಗೆ ಅಳುವೇ ಬಂತು. ಕಾರ್ಖಾನೆ ಮುಚ್ಚಿದರೆ ಈ ಊರಿನಲ್ಲಿ ನನಗೆ ಬೇರೆ ಕೆಲಸವಿಲ್ಲ. ಸೌದೆಯಂತೂ ಆಗಲೇ ಮುಗಿದಿದೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಕ್ಸೈಲೋಸಿನ ರುಚಿ ಕಲಿಯಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ, ಕಾಡಿನ ಬರ್ಚ್ ಮರಗಳಿಗೆ ತಾವೇ ಒಂದು ಮಾತು ಹೇಳಿ, ಇನ್ನು ಮುಂದೆ ತಮಗೊಪ್ಪುವ ಸಕ್ಕರೆಯನ್ನಷ್ಟೇ ತುಂಬಿಕೊಂಡು ಬೆಳೆಯುವಂತೆ ಒಪ್ಪಿಸಬೇಕು.

ತಮ್ಮ ಎಂಜಲು ಬಳಿಯುತ್ತಲೇ ಇಂದಿಗೂ ತಮ್ಮ ವಿಶ್ವಾಸಿಯಾಗಿರುವ,
ಗುನ್ವೋರ್ ಎಡ್‌ಲುಂಡ್

ವಿ.ಸೂ.: ಎರಡೂ ಸಕ್ಕರೆಯನ್ನು ತಕರಾರಿಲ್ಲದೆ ತಿನ್ನುವ ತಮ್ಮ ದಾಯಾದಿಯೊಬ್ಬರು ಪ್ರಯೋಗಾಲಯದಿಂದ ಸೋಮವಾರ ಬರಲಿದ್ದಾರೆ. ಅವರಿಗಾಗಿ ಭಾನುವಾರವೇ ಈ ತೊಟ್ಟಿಯನ್ನು ಕುದಿಹಬೆ ಬಿಟ್ಟು ತೊಳೆಯುವ ಭಾಗ್ಯ ನನ್ನದಾಗಿದೆ. ಆ ಹಬೆಯನ್ನಾದರೂ ತಾವು ಆರಿಸದೆ, ಉಳಿಸದೆ, ಪೂರ್ತಿಯಾಗಿ ಸ್ವೀಕರಿಸಬೇಕೆಂದು ಕೋರಿಕೆ.